ಹಸಿರು ಚೌಕಕ್ಕೆ ಸಿಗದ ರಫೂ

ರಫೂ ಅಕ್ಕನ ಮನೆಗೆ ಕ್ಯಾಮೆರಾ ಬಂದದ್ದು ಅವಳ ಆಸೆಯಿಂದಲ್ಲ. ಮೂವತ್ತೆರಡು ವರ್ಷ ಹರಿದ ಬಟ್ಟೆಗೆ ಎಳೆಗೆ ಎಳೆ ಕೂಡಿಸಿ ಕೊಟ್ಟವಳಿಗೆ ಸೂಜಿ, ಕತ್ತರಿ, ಒಂದು ಭೂತಗನ್ನಡಿ ಸಾಕಾಗಿತ್ತು. ಸುಟ್ಟ ತೂತೋ ಇಲಿ ಕಡಿದ ತೂತೋ, ಗುರುತೇ ಉಳಿಯದಂತೆ ಮುಚ್ಚುವ ಈ ರಫೂ ಕೆಲಸದಲ್ಲಿ ಎತ್ತಿದ ಕೈ. ಕೋಪವೂ ಮೂಗಿನ ತುದಿಯಲ್ಲೇ ಇತ್ತೆನ್ನಿ.

ಅವಳಿಗೆ ಕೆಲಸ ಬರುತ್ತಿದ್ದದ್ದು ಹೆಚ್ಚುಕಡಿಮೆ ಎಲ್ಲವೂ ಒಂದೇ ದೊಡ್ಡ ಲಾಂಡ್ರಿಯಿಂದ. ಅಲ್ಲಿ ಗಿರಾಕಿಯೊಬ್ಬ ವಾಪಸ್ ಬಂದ ಪ್ಯಾಂಟನ್ನು ತಿರುಗಿಸಿ ಮುರುಗಿಸಿ ನೋಡಿ, ತೂತೂ ಇಲ್ಲ, ಹೊಲಿದ ಗುರುತೂ ಇಲ್ಲ, ಇದು ನನ್ನದೇ ಅಲ್ಲ, ಬದಲಾಯಿಸಿದ್ದೀರಿ ಎಂದು ರಂಪ ಮಾಡಿದ. ಅಂದಿನಿಂದ ಮ್ಯಾನೇಜರ್ ಸಾಹೇಬರು ಒಂದು ನಿಯಮ ತಂದರು. ತೂತಿನದೊಂದು ಫೋಟೋ, ಮುಚ್ಚಿದ ಮೇಲೆ ಅದೇ ಜಾಗದ್ದೊಂದು ಫೋಟೋ, ಎರಡೂ ಹತ್ತಿರದಿಂದ, ಸ್ಪಷ್ಟವಾಗಿ. ಅದಕ್ಕೆಂದೇ ಅಂಗೈಯಷ್ಟು ಅಗಲದ ಡಿಜಿಟಲ್ ಕ್ಯಾಮೆರಾ ಒಂದನ್ನು ಕಳಿಸಿಯೂ ಕೊಟ್ಟರು.

ಮೊದಲು ಬಂದದ್ದು ಕಪ್ಪು ಉಣ್ಣೆಯ ಕೋಟು. ಬೆನ್ನಿನ ಮೇಲೆ ಬೀಡಿ ಕಿಡಿ ತಾಗಿ ಬಟಾಣಿಯಷ್ಟು ತೂತು. ಗುಂಡಿಯನ್ನು ಮೊದಲು ಅರ್ಧ ಒತ್ತಬೇಕು, ಪರದೆಯ ಮೇಲೆ ಹಸಿರು ಚೌಕ ಬಿದ್ದರೆ ಕ್ಯಾಮೆರಾಕ್ಕೆ ಕಣ್ಣು ಕೂತಿದೆ ಎಂದರ್ಥ, ಆಮೇಲೆ ಪೂರ್ತಿ ಒತ್ತಬೇಕು ಎಂದು ಸೊಸೆ ಹೇಳಿಕೊಟ್ಟಳು. ಅಷ್ಟು ನಾಜೂಕು ಅಕ್ಕನ ಬೆರಳಿಗೆ ಯಾವ ಲೆಕ್ಕ? ತೂತಿನ ಮೇಲೆ ಹಸಿರು ಚೌಕ ತಕ್ಷಣ ಬಿತ್ತು. ಫೋಟೋದಲ್ಲಿ ಸುಟ್ಟ ಅಂಚಿನ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಇಷ್ಟೇ ತಾನೇ ಎಂದುಕೊಂಡಳು.

ನಾಲ್ಕು ದಿನ ಕಿಟಕಿಯ ಪಕ್ಕ ಕೂತಳು. ಬೆನ್ನಿನ ಒಳ ಅಸ್ತರು ಬಿಚ್ಚಿ, ತೂತಿನ ಸುತ್ತ ಬಿಳಿ ದಾರದ ಗುರುತು ಹಾಕಿ, ಕೋಟಿನದೇ ಅಂಚಿನ ಮಡಿಕೆಯಿಂದ ಎಳೆ ತೆಗೆದು ಒಂದರ ಮೇಲೊಂದು ದಾಟಿಸಿ ಕೂರಿಸಿದಳು. ಮುಗಿದಾಗ ಬಿಳಿ ದಾರ ಕಿತ್ತೆಸೆದು, ಅಸ್ತರು ಮುಚ್ಚಿ ಹೊಲಿದು, ಖುಷಿಯಲ್ಲಿ ಕ್ಯಾಮೆರಾ ಕೈಗೆತ್ತಿಕೊಂಡಳು.

ಚೌಕ ಬೀಳಲೊಲ್ಲದು. ಅರ್ಧ ಒತ್ತಿದರೆ ಮೂತಿ ಗರ್ ಎಂದು ಮುಂದೆ ಹೋಗಿ ಹಿಂದೆ ಬಂದು, ಕೊನೆಗೆ ಪರದೆ ಕೆಂಪಗೆ ಕಣ್ಣು ಮಿಟುಕಿಸಿತು. ಜೂಮ್ ಮಾಡಿ ಹತ್ತಿರ ಹೋದರೆ ಎಲ್ಲ ಮಬ್ಬು. ಜೂಮ್ ಮಾಡಿದರೆ ದೂರ ನಿಲ್ಲಬೇಕು, ಹತ್ತಿರ ಹೋಗುವುದಾದರೆ ಜೂಮ್ ತೆಗೆದು ಹೂವಿನ ಗುರುತಿಗೆ ತಿರುಗಿಸಬೇಕು ಎಂದಳು ಸೊಸೆ. ಹೂವಿಗೆ ತಿರುಗಿಸಿ ಬಗ್ಗಿದರೆ ಅವಳದೇ ತಲೆಯ ನೆರಳು ಕೋಟಿನ ಮೇಲೆ. ದೂರ ನಿಂತು ಜೂಮನ್ನು ಕೊನೆಯವರೆಗೂ ಎಳೆದರೆ ಬಟ್ಟೆ ರವೆಯಂತೆ ಕಾಳುಕಾಳು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ತಲೆ ಚಿಟ್ಟು ಹಿಡಿದಿತ್ತು, ಬಾಯಿಗೆ ಬಂದದ್ದೆಲ್ಲ ಕ್ಯಾಮೆರಾಕ್ಕೆ ಬೈದಾಗಿತ್ತು.

"ಅತ್ತೆ, ಅದಕ್ಕೆ ಹಿಡ್ಕೊಳ್ಳೋಕೆ ಏನಾದ್ರೂ ಗೆರೆ ಬೇಕು. ಬರೀ ಕಪ್ಪು ಬಟ್ಟೆ ನೋಡಿ ಅದಕ್ಕೆ ದಿಕ್ಕೇ ತೋಚಲ್ಲ," ಎಂದಳು ಸೊಸೆ.

ಅಕ್ಕ ತನ್ನ ಸೂಜಿಯನ್ನೇ ಬಟ್ಟೆಯ ಮೇಲಿಟ್ಟಳು. ಥಟ್ಟನೆ ಹಸಿರು. ಗುಂಡಿಯನ್ನು ಅರ್ಧದಲ್ಲೇ ಹಿಡಿದು ಉಸಿರು ಕಟ್ಟಿ ನಿಂತಳು, ಸೊಸೆ ಸೂಜಿ ಎಳೆದುಕೊಂಡಳು, ಆಗ ಪೂರ್ತಿ ಒತ್ತಿದಳು. ಚಿತ್ರ ಸ್ವಚ್ಛ, ನೇಯ್ಗೆಯ ಎಳೆ ಎಳೆಯೂ ನಿಚ್ಚಳ. ಸೊಸೆ ಅದನ್ನು ಲಾಂಡ್ರಿಗೆ ಕಳಿಸಿದಳು.

ಗಂಟೆಯೊಳಗೆ ಉತ್ತರ ಬಂತು. ಬಟ್ಟೆ ಚೆನ್ನಾಗಿ ಕಾಣುತ್ತಿದೆ, ಆದರೆ ರಫೂ ಎಲ್ಲಿ? ಸಂಜೆ ಐದರೊಳಗೆ ರಫೂ ಮಾಡಿದ ಜಾಗ ಕಾಣುವ ಫೋಟೋ ಬಾರದಿದ್ದರೆ ಕೋಟು ವಾಪಸ್ ಕಳಿಸಿ, ಇನ್ನು ಮುಂದಿನ ಕೆಲಸ ಬೇರೆಯವರಿಗೆ.

ಅಕ್ಕನ ಪಿತ್ತ ನೆತ್ತಿಗೇರಿತು. "ಕಾಣಬಾರದು ಅಂತಲೇ ಅಲ್ವೇನೇ ನಾನು ನಾಲ್ಕು ದಿನ ಕಣ್ಣು ಕಳ್ಕೊಂಡಿದ್ದು?"

ಆದರೆ ಕೆಲಸ ಹೋದರೆ ಮಾಡುವುದೇನು? ಈ ಕೈಗೆ ಬೇರೇನು ಬರುತ್ತದೆ? ಹೋಗಲಿ, ಆ ಜಾಗಕ್ಕೊಂದು ಗುರುತು ಹಾಕಿ ತೆಗೆದರಾಯಿತೆಂದು ಕೋಟು ಹಾಸಿದಳು. ಆಗಲೇ ಗೊತ್ತಾದದ್ದು, ಬಿಳಿ ದಾರ ಕಿತ್ತದ್ದು ತಪ್ಪಾಯಿತು. ಭೂತಗನ್ನಡಿ ಹಿಡಿದಳು, ಕಿಟಕಿಗೆ ಒಡ್ಡಿದಳು, ಕಣ್ಣು ಮುಚ್ಚಿ ಬೆರಳಾಡಿಸಿದಳು. ತಾನೇ ಮಾಡಿದ ರಫೂ ತನಗೇ ಸಿಗಲಿಲ್ಲ. ಒಂದು ಗಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಆಮೇಲೆ ಗೋಡೆಯ ಗಡಿಯಾರ ಕಂಡು ಅಳು ಬಂತು.

ನಾಲ್ಕೂಕಾಲು. ಮುಂಬದಿಗೆ ಗುರುತು ಹಾಕಿದರೂ ಕಾಣುವುದು ಗುರುತೇ ಹೊರತು ರಫೂ ಅಲ್ಲ. ಇನ್ನು ಉಳಿದದ್ದು ಒಂದೇ ದಾರಿ. ನೀಟಾಗಿ ಮುಚ್ಚಿ ಹೊಲಿದ ಅಸ್ತರನ್ನು ಅಕ್ಕ ಹಲ್ಲು ಕಚ್ಚಿ ಮತ್ತೆ ಬಿಚ್ಚಿದಳು. ಒಳಗೆ ಬಟ್ಟೆಯ ಹಿಂಬದಿಯಲ್ಲಿ ಎಳೆಗಳ ತುದಿಗಳು ಗುಬ್ಬಿ ಗೂಡಿನಂತೆ ಕೆದರಿಕೊಂಡಿದ್ದವು. ಅವುಗಳನ್ನು ಕತ್ತರಿಸುವಂತಿಲ್ಲ, ಕತ್ತರಿಸಿದರೆ ರಫೂ ಬಿಚ್ಚಿಕೊಳ್ಳುತ್ತದೆ. ಮೂವತ್ತೆರಡು ವರ್ಷದಲ್ಲಿ ಆ ಹಿಂಬದಿಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಸೊಸೆಯ ಎದುರಿಗೇ ನಾಚಿಕೆಯಾಯಿತು.

ಕ್ಯಾಮೆರಾಕ್ಕೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ. ಅರ್ಧ ಒತ್ತಿದಳೋ ಇಲ್ಲವೋ, ಹಸಿರು ಚೌಕ ಬಂದು ಕೂತಿತು. ಫೋಟೋ ಹೋಯಿತು.

ಐದಕ್ಕೆ ಮುಂಚೆಯೇ ಉತ್ತರ ಬಂತು. ಸೊಸೆ ಓದಿಕೊಂಡಳು. ಏನಂತೆ ಎಂದು ಅಕ್ಕ ಕೇಳಿದಳು.

"ಈಗ ಕಾಣ್ತಿದೆಯಂತೆ, ಕೆಲಸ ಮುಂದುವರಿಸ್ತಾರಂತೆ. ಆದ್ರೆ ರಫೂ ತುಂಬಾ ಒರಟಾಗಿದೆಯಂತೆ ಅತ್ತೆ. ಮುಂದಿನ ಸಲ ಸ್ವಲ್ಪ ನೀಟಾಗಿ ಮಾಡಬೇಕಂತೆ."

ಅಕ್ಕ ಬೈಯಲಿಲ್ಲ, ಅದೇ ಸೊಸೆಗೆ ಹೆದರಿಕೆ. ಅಸ್ತರನ್ನು ಮತ್ತೆ ಹೊಲಿದು, ಕೋಟು ಮಡಿಸಿ ಚೀಲಕ್ಕಿಟ್ಟಳು. ಏನು ಬರೆಯಲಿ ಎಂದು ಸೊಸೆ ಕೇಳಿದಾಗ ಆಯ್ತು ಅಂತ ಬರಿ ಎಂದಳು. ಮುಂದಿನ ಗಂಟಿನಿಂದ ಮೊಳೆಗೆ ಸಿಕ್ಕಿ ಹರಿದ ಬೂದು ಪ್ಯಾಂಟು ತೆಗೆದು ಮೇಜಿನ ಮೇಲೆ ಹಾಸಿ, ಕ್ಯಾಮೆರಾವನ್ನು ಸೊಸೆಯತ್ತ ತಳ್ಳಿದಳು.

"ಮೊದಲು ಇದರ ಫೋಟೋ ತೆಗಿ. ತೂತಾದ್ರೆ ಅವರಿಗೆ ಚೆನ್ನಾಗಿ ಕಾಣುತ್ತೆ."