ಬ್ರೂಜ್‌ನಲ್ಲಿ ಭಾವ ಉಪವಾಸವಿದ್ದ ದಿನ

ಭಾವನ ಪ್ಯಾಂಟಿನ ಬಲಗಾಲಿಗೆ ಸದಾ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದು ಕಚ್ಚಿಕೊಂಡಿರುತ್ತಿತ್ತು. ಸೈಕಲ್ ಚೈನಿಗೆ ಬಟ್ಟೆ ಸಿಗದಿರಲೆಂದು ಹಾಕಿದ್ದನ್ನು ತೆಗೆಯಲು ಮರೆತು ಹಾಗೆಯೇ ಮೀಟಿಂಗಿಗೆ ಬಂದು ಕೂರುತ್ತಿದ್ದರು. ನಾವು ನಕ್ಕರೆ, "ಎಂತ ಮಾರಾಯ, ಕಾಲು ನನ್ನದಲ್ವಾ?" ಎನ್ನುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಅವರು ಉಡುಪಿ ಕಡೆಯ ತುಳುವರು, ನಾನು ಮೈಸೂರಿನವನು. ದೋಹಾದಲ್ಲಿ ಒಂದೇ ಆಫೀಸು, ಅಲ್ಲಿನ ನಜ್ಮಾ ಬಡಾವಣೆಯಲ್ಲಿ ಒಂದೇ ಕಟ್ಟಡ. ಅವರ ಹೆಂಡತಿಯನ್ನು ಅಕ್ಕ ಎಂದು ಕರೆದೆ, ಅವರು ಭಾವನಾದರು. ಹೊಸದಾಗಿ ಬಂದಿದ್ದ ನಾನು ಈ ಸುಡುಗಾಡು ಬೇಡವೇ ಬೇಡ, ವಾಪಸ್ ಹೋಗುತ್ತೇನೆ ಎಂದು ಮುಖ ಊದಿಸಿಕೊಂಡಿದ್ದಾಗ ಶುಕ್ರವಾರ ಬೆಳಿಗ್ಗೆ ಎಲ್ಲಿಂದಲೋ ಇನ್ನೊಂದು ಸೈಕಲ್ ತಂದು, ಅರಬರ ಹಾಗೆ "ಯಲ್ಲಾ, ಹತ್ತು" ಎಂದರು. ಓಣಿ ಓಣಿ ಸುತ್ತಿಸಿ, "ಇವ ನಿನ್ನ ಟೈಲರ್, ಇದು ನಿನ್ನ ಚಾಯದ ಅಂಗಡಿ, ಆ ಮಲಯಾಳಿ ಹತ್ರ ಒಳ್ಳೆ ಕರಿಬೇವು ಉಂಟು" ಎಂದು ಪರಿಚಯ ಮಾಡಿಸಿದರು. ಅವತ್ತಿನಿಂದ ನನಗೆ ಅಲ್ಲಿ ಊಟ ಸೇರಿತು.

ಗಲ್ಫಿನಲ್ಲಿರುವವರ ರಜೆ ಅವರದ್ದಲ್ಲ. ಮದುವೆ, ಗೃಹಪ್ರವೇಶ, ಭೂತದ ನೇಮ, ಯಾರದೋ ಆಪರೇಷನ್ನು ಎಂದು ಊರೇ ಅದನ್ನು ತಿಂದು ಮುಗಿಸುತ್ತದೆ. ಅಕ್ಕನಿಗಿದ್ದದ್ದು ಒಂದೇ ಆಸೆ: ನೆಂಟರೇ ಇಲ್ಲದ ಜಾಗದಲ್ಲಿ ಗಂಡನ ಜೊತೆ ನಾಲ್ಕು ದಿನ ಇರಬೇಕು. ಟಿವಿಯಲ್ಲಿ ನೋಡಿದ ಬೆಲ್ಜಿಯಂನ ಬ್ರೂಜ್ ಎಂಬ ಹಳೇ ಊರು ಅವರ ಮನಸ್ಸಿಗೆ ಹತ್ತಿತ್ತು. ಅಲ್ಲಿ ಗೈಡಿನ ಹಿಂದೆ ಸೈಕಲ್ಲಿನಲ್ಲೇ ಊರೆಲ್ಲ ಸುತ್ತಬಹುದು ಎಂದು ತಿಳಿದದ್ದೇ, ನಲವತ್ತು ದಾಟಿದ ಅಕ್ಕ ದೋಹಾದ ಅಂಚಿನ ಅಬು ಹಮೂರ್‌ನ ಖಾಲಿ ಜಾಗದಲ್ಲಿ ಸೈಕಲ್ ಕಲಿಯತೊಡಗಿದರು. ಭಾವ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದರು.

ಕೊನೆಗೊಂದು ಬೇಸಿಗೆಯಲ್ಲಿ ಅವರಿಬ್ಬರ ಜೊತೆ ನಾನೂ ನನ್ನ ಹೆಂಡತಿಯೂ ಹೊರಟೆವು. ಊರಿನಲ್ಲಿದ್ದ ತಾಯಿಗೆ ಭಾವ, "ಈ ಸಲ ಲೀವ್ ಸ್ಯಾಂಕ್ಷನ್ ಆಗ್ಲಿಲ್ಲ ಅಮ್ಮ" ಎಂದು ಹೇಳಿದ್ದರು. ಅಕ್ಕನಿಗೆ, "ಅಮ್ಮ ಖುಷಿಯಲ್ಲಿ ಹೋಗಿ ಬನ್ನಿ ಅಂದ್ರು" ಎಂದಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಶುಕ್ರವಾರ ಬೆಳಿಗ್ಗೆ ಟೂರು. ಉದ್ದಕ್ಕಿದ್ದ ಹುಡುಗಿಯೊಬ್ಬಳು ಮುಂದೆ ಬೆಲ್ ಹೊಡೆಯುತ್ತ ಹೊರಟಳು. ಕಾಲುವೆಯ ಬದಿ, ಗಂಟೆಗೋಪುರದ ಕೆಳಗೆ, ಕಮಾನು ಸೇತುವೆಯ ಮೇಲೆ ನಿಲ್ಲಿಸಿ ಕಥೆ ಹೇಳುತ್ತಿದ್ದಳು. ಅಕ್ಕನಿಗೆ ಕಥೆ ಯಾಕೆ ಬೇಕು! ಕಲ್ಲುಹಾಸಿನ ಮೇಲೆ ಓಲಾಡುತ್ತ, ಹೆದರುತ್ತ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಅಕ್ಕ ಹಾಗೆ ನಕ್ಕದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಿರುಗಿ ತಿರುಗಿ ಗಂಡನನ್ನು ನೋಡಿದಾಗಲೆಲ್ಲ ಭಾವ, "ಎದುರು ನೋಡು, ನಾನು ಹಿಂದೆ ಇದ್ದೇನೆ" ಎನ್ನುತ್ತಿದ್ದರು.

ದಾರಿಯಲ್ಲಿ ಎಲ್ಲರೂ ಕಾಫಿಗೆ ನಿಂತೆವು. ಭಾವ ಏನೂ ಮುಟ್ಟಲಿಲ್ಲ. ಹೋಟೆಲಿನ ತಿಂಡಿಗೂ ಬಂದಿರಲಿಲ್ಲ. "ಹೊಟ್ಟೆ ಸರಿ ಇಲ್ಲ" ಎಂದರು. ಹೋಗಲಿ ನೀರಾದರೂ ಕುಡೀರಿ ಎಂದರೆ ಅದೂ ಬೇಡ.

ಟೂರು ಮುಗಿಯುವ ಹೊತ್ತಿಗೆ ಅವರ ಮೊಬೈಲು ಹೊಡೆದುಕೊಂಡಿತು. ಚರ್ಚಿನ ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ದಹನ ಆಯ್ತಂತೆ" ಎಂದರು.

"ಯಾರದ್ದು ಭಾವ?"

"ಅಮ್ಮಂದು. ಬೆಳಗಿನ ಜಾವ ಹೋದ್ರು."

ದಹನ ಆಗುವ ತನಕ ಅವರ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಭಾವ ಆ ನಿಯಮವನ್ನು ಸೈಕಲ್ ಮೇಲೆ ಪಾಲಿಸಿದ್ದರು. ಬೆಳಿಗ್ಗೆಯೇ ಊರಿನಿಂದ ಅವರ ತಮ್ಮ ಫೋನ್ ಮಾಡಿ, "ದೋಹಾದಿಂದ ಈಗ ಹೊರಟರೆ ಸಂಜೆಗೆ ಮುಟ್ಟುತ್ತೀ, ಕಾಯ್ತೇವೆ" ಎಂದಿದ್ದನಂತೆ. ಬ್ರೂಜ್‌ನಲ್ಲಿದ್ದೇನೆ ಎನ್ನಲು ಭಾವನಿಗೆ ಬಾಯಿ ಬರಲಿಲ್ಲ. "ಇವತ್ತು ಶುಕ್ರವಾರ, ಆಫೀಸು ರಜೆ, ದೇಶ ಬಿಡ್ಲಿಕ್ಕೆ ಎಕ್ಸಿಟ್ ಪರ್ಮಿಟ್ ಸಿಗುದಿಲ್ಲ. ಕಾಯ್ಬೇಡಿ" ಎಂದುಬಿಟ್ಟಿದ್ದರು.

"ಅಕ್ಕನಿಗೆ ಯಾಕೆ ಹೇಳಲಿಲ್ಲ?" ಎಂದು ನಾನು ರೇಗಿದೆ.

"ಇಷ್ಟು ವರ್ಷ ಕಾದದ್ದು ಅವಳು. ಒಂದು ಬೆಳಿಗ್ಗೆ ಸಿಗ್ಲಿ ಅಂತ."

ಹೋಟೆಲಿಗೆ ಬಂದು ಹೇಳಿದಾಗ ಅಕ್ಕ ಮೊದಲು ಅಳಲಿಲ್ಲ. "ಅತ್ತೆ ಚಿತೆಯ ಮೇಲಿರುವಾಗ ನನ್ನನ್ನು ನಗಿಸಿದ್ರಲ್ಲ. ನನ್ನ ಅಳು ನನಗೆ ಕೊಡ್ಬೇಕಿತ್ತು ನೀವು" ಎಂದರು. ಊರಿಗೆ ಹೋಗಿ ಬೊಜ್ಜದ ಉತ್ತರಕ್ರಿಯೆ ಮುಗಿಸಿ ದೋಹಾಕ್ಕೆ ಬಂದ ಮೇಲೆ ಅವರ ಸಂಸಾರ ಎಂದಿನಂತೆ ನಡೆಯಿತು. ಆ ಪ್ರವಾಸದ ಮಾತು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕೆಲವು ವರ್ಷಗಳ ನಂತರ, ಅಕ್ಕ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಾಗ, ಭಾವನಿಗೆ ಆಫೀಸಿನಲ್ಲೇ ಎದೆನೋವು ಬಂತು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ತಮ್ಮನಿಗೆ ತಿಳಿಸಿದೆ. ಅವನು, "ಅತ್ತಿಗೆಗೆ ಸೀರಿಯಸ್ ಅಂತ ಮಾತ್ರ ಹೇಳಿ. ಉಳಿದದ್ದು ಬಾಡಿ ಬಂದ ಮೇಲೆ ನೋಡುವ" ಎಂದ. ಗಲ್ಫಿನ ಸಾವನ್ನು ಊರಿಗೆ ಹಾಗೆಯೇ ಹೇಳುವುದು ವಾಡಿಕೆ. ನನ್ನ ಕೈಲಿ ಆಗಲಿಲ್ಲ. ಅಕ್ಕನಿಗೇ ಫೋನ್ ಮಾಡಿ, ಸುತ್ತುಬಳಸದೆ, "ಅಕ್ಕ, ಭಾವ ಹೋಗಿಬಿಟ್ರು" ಎಂದೆ.

"ಯಾವಾಗ?"

"ಈಗ. ಅರ್ಧ ಗಂಟೆ ಆಗಿಲ್ಲ."

"ನೀನು ಹತ್ರ ಇದ್ದಿಯಾ?"

"ಕೈ ಹಿಡ್ಕೊಂಡಿದ್ದೆ ಅಕ್ಕ."

"ಹಾಗಾದ್ರೆ ಫೋನ್ ಇಡ್ಬೇಡ" ಎಂದರು ಅಕ್ಕ. ಆಮೇಲೆ ಅತ್ತರು. ನಾನು ಫೋನ್ ಇಡಲಿಲ್ಲ.