ಅದು ನಮ್ಮ ರನ್‌ವೇ ಅಲ್ಲ, ಸಾರ್

ನನ್ನ ಬಾಯಿಗೆ ಕೆ.ಆರ್. ಪುರದ ಆಟೋದವರೇ ಹೆದರುತ್ತಾರೆ. ಮೀಟರ್ ಹಾಕಲ್ಲ ಎಂದ ಒಬ್ಬನಿಗೆ ಮಾರ್ಕೆಟ್ ಮುಂದೆ ಮಂಗಳಾರತಿ ಎತ್ತಿದ್ದು ನೋಡಿ ನಮ್ಮಜ್ಜಿ ರಾಮಲಕ್ಷ್ಮಮ್ಮ, "ಇವ್ಳನ್ನ ಕಟ್ಕೊಳ್ಳೋನು ಹೋದ್ ಜನ್ಮದಲ್ಲಿ ಏನ್ ಪಾಪ ಮಾಡಿದ್ನೋ" ಎಂದಿದ್ದರು. ಅಂಥ ನಾನು ವಿಮಾನದ ಕಾಕ್‌ಪಿಟ್‌ನಲ್ಲಿ, ಕಣ್ಣೆದುರೇ ತಪ್ಪು ನಡೆಯುತ್ತಿದ್ದರೂ ಮುಕ್ಕಾಲು ನಿಮಿಷ ತುಟಿ ಬಿಚ್ಚದೆ ಕೂತಿದ್ದೆ. ಪಕ್ಕದ ಸೀಟಿನಲ್ಲಿದ್ದವರು ಕ್ಯಾಪ್ಟನ್ ಗಯಾಜ್. ಅವರ ಬಗ್ಗೆ ಹೇಳಹೊರಟರೆ ನನ್ನ ಆ ಮಾನಗೆಟ್ಟ ಮುಕ್ಕಾಲು ನಿಮಿಷವನ್ನೂ ಹೇಳಲೇಬೇಕು.

ಗಯಾಜ್ ಸಾರ್ ಹುಟ್ಟಿ ಬೆಳೆದದ್ದು ಶಿವಾಜಿನಗರದ ಒಂದು ಸಂದಿಯಲ್ಲಿ. ತಂದೆ ಸನಾವುಲ್ಲಾ ಅವರದು ಲೇಸು, ಗುಂಡಿ, ದಾರ ಮಾರುವ ಅಂಗಡಿ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಎಲ್ಲರೂ ಅಂಗಡಿ ತೆರೆದರೆ, ಇವರು ಮಗನನ್ನು ಸ್ಕೂಟರ್ ಹತ್ತಿಸಿಕೊಂಡು ಹಲಸೂರು ದಾಟಿ ಹಳೇ ಏರ್‌ಪೋರ್ಟಿನ ಕಾಂಪೌಂಡಿಗೆ ಹೋಗುತ್ತಿದ್ದರು. ಮಾರತ್ತಹಳ್ಳಿ ಕಡೆಯಿಂದ ತಲೆಯ ಮೇಲೇ ವಿಮಾನಗಳು ಇಳಿಯುತ್ತಿದ್ದವು. "ದೇಖ್ ಬೇಟಾ, ಚಕ್ರ ಬಿಟ್ಟ" ಎಂದು ಅಪ್ಪ ತೋರಿಸುವುದು, ಮಗ ಬಾಯಿ ತೆರೆದು ನೋಡುವುದು. ಆ ಹುಡುಗ ದೊಡ್ಡವನಾಗಿ ಪೈಲಟ್ ಆಗಿ ಮೊದಲು ವಿಮಾನ ಇಳಿಸಿದ್ದೂ ಅದೇ ರನ್‌ವೇಯಲ್ಲಿ. ಅಪ್ಪ ಕಾಂಪೌಂಡಿನ ಹೊರಗೆ ನಿಂತು ನೋಡಿದರಂತೆ. ಆಮೇಲೆ ಏರ್‌ಪೋರ್ಟು ದೇವನಹಳ್ಳಿಗೆ ಹೋಯಿತು. ಮರುವರ್ಷ ಅಪ್ಪನೂ ತೀರಿಕೊಂಡರು.

ನಾನು ಕೋ-ಪೈಲಟ್ ಆಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಗಯಾಜ್ ಸಾರ್ ಜೊತೆ ಡ್ಯೂಟಿ ಬಿತ್ತೆಂದರೆ ನಮಗೆಲ್ಲ ಹಬ್ಬ. ಮನೆಯಿಂದ ಮಟನ್ ಸಮೋಸ ತರುತ್ತಿದ್ದರು, ತಿನ್ನದ ನನ್ನಂಥವರಿಗೆ ಬೇರೆ ಡಬ್ಬದಲ್ಲಿ ಆಲೂಗಡ್ಡೆಯದು. ಯಾರ ಮೇಲೂ ರೇಗಿದವರಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಹಾರಿದ ಮನುಷ್ಯನಿಗೆ ಒಂದು ಚೂರೂ ಜಂಭವಿಲ್ಲ ಎಂದರೆ ನಂಬಿ. ನನಗಂತೂ ಅವರ ಮೇಲೆ ಭಕ್ತಿಯೇ ಇತ್ತು, ಎಡವಟ್ಟಾಗಿದ್ದೂ ಅಲ್ಲೇ.

ಫೆಬ್ರವರಿಯ ಒಂದು ಸಂಜೆ ಚೆನ್ನೈಯಿಂದ ಬರುತ್ತಿದ್ದೆವು. ಚೆನ್ನೈ ಕಡೆಯಿಂದ ಬಂದರೆ ನಗರದ ಪೂರ್ವಕ್ಕಿರುವ ಹಳೇ ರನ್‌ವೇ ಎಡಗಡೆ ಕಾಣುತ್ತದೆ, ನಾವು ಇಳಿಯಬೇಕಾದದ್ದು ಬಲಕ್ಕೆ, ದೂರದ ಉತ್ತರದಲ್ಲಿ. ಎರಡೂ ಪೂರ್ವ ಪಶ್ಚಿಮವಾಗಿಯೇ ಮಲಗಿವೆ. ಆ ದಿನ ಮೋಡದ ಒಂದು ತುಣುಕೂ ಇರಲಿಲ್ಲ. "ರನ್‌ವೇ ಕಾಣ್ತಿದೆಯಾ?" ಎಂದು ಕಂಟ್ರೋಲ್‌ನವರು ರೇಡಿಯೋದಲ್ಲಿ ಕೇಳಿದರು. "ಕಾಣ್ತಿದೆ" ಎಂದರು ಸಾರ್. ಹಾಗಾದರೆ ನೋಡಿಕೊಂಡೇ ಇಳಿಯಿರಿ ಎಂದು ಅನುಮತಿ ಸಿಕ್ಕಿತು. ಸಾರ್ ವಿಮಾನವನ್ನು ಎಡಕ್ಕೆ ತಿರುಗಿಸಿದರು.

ನನ್ನೆದುರಿನ ಪರದೆಯಲ್ಲಿ ದಾರಿ ತೋರಿಸುವ ಗುರುತು ಬಲಕ್ಕೆ ಸರಿಯುತ್ತಾ ಸರಿಯುತ್ತಾ ಅಂಚಿಗೆ ಅಂಟಿಕೊಂಡಿತು. ಹೊರಗೆ ನೋಡಿದೆ. ಹಲಸೂರು ಕೆರೆ ಕಾಣುತ್ತಿದೆ! ದೇವನಹಳ್ಳಿಗೆ ಇಳಿಯುವವರಿಗೆ ಹಲಸೂರು ಕೆರೆ ಮೂಗಿನ ನೇರಕ್ಕೆ ಯಾಕೆ ಬರಬೇಕು? ಆದರೂ ನನ್ನ ದರಿದ್ರ ಮನಸ್ಸು ಏನೆನ್ನುತ್ತಿತ್ತು ಗೊತ್ತೆ? ಇವರು ಇದೇ ಊರಿನವರು, ದೊಡ್ಡವರು, ಇವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ, ಸುಮ್ಮನಿರು ಅಂತ. ಕೊನೆಗೆ ಬಾಯಿಂದ ಬಂದ ಮಾತು ಕೇಳಿ: "ಸಾರ್, ಇವತ್ತು ತುಂಬಾ ಕ್ಲಿಯರ್ ಆಗಿದೆ, ಅಲ್ವಾ?"

"ಹೌದು ಬೇಟಾ, ಫಸ್ಟ್ ಕ್ಲಾಸ್" ಎಂದರು ಅವರು, ಖುಷಿಯಾಗಿ.

ಹಳೇ ರನ್‌ವೇ ಹತ್ತಿರವಾಗುತ್ತಲೇ ಇತ್ತು. ಕಲಿತ ಇಂಗ್ಲಿಷೆಲ್ಲ ಮಾಯವಾಗಿ ಕೆ.ಆರ್. ಪುರವೇ ಹೊರಬಿತ್ತು. "ಸಾರ್, ಅದು ನಮ್ಮ ರನ್‌ವೇ ಅಲ್ಲ! ಮಾರತ್ತಹಳ್ಳಿಗೆ ಹೋಗ್ತಾ ಇದೀವಿ!"

ಅವರು ಒಂದು ಕ್ಷಣವೂ ವಾದ ಮಾಡಲಿಲ್ಲ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೂಗು ಮೇಲೆತ್ತಿದರು. ಅಷ್ಟರಲ್ಲಿ ಕಂಟ್ರೋಲ್‌ನವರೂ ಕೂಗತೊಡಗಿದ್ದರು. ಒಂದು ಸುತ್ತು ಹಾಕಿ, ಹದಿನೈದು ನಿಮಿಷ ತಡವಾಗಿ, ಇಳಿಯಬೇಕಾದಲ್ಲೇ ಇಳಿದೆವು. ಪ್ರಯಾಣಿಕರು ಎಂದಿನಂತೆ ವಿಮಾನ ನಿಲ್ಲುವ ಮೊದಲೇ ಎದ್ದುನಿಂತು ಬ್ಯಾಗು ಇಳಿಸಿಕೊಂಡರು.

ಎಲ್ಲರೂ ಇಳಿದುಹೋದ ಮೇಲೆ ಸಾರ್ ಕೇಳಿದರು, "ಸುಕನ್ಯ, ನಿನಗೆ ಯಾವಾಗ ಗೊತ್ತಾಯ್ತು?"

"ಕೂಗಿ ಹೇಳಿದ್ನಲ್ಲ ಸಾರ್, ಆ ಕ್ಷಣಕ್ಕೇ ಗೊತ್ತಾಗಿದ್ದು" ಎಂದು ಸುಳ್ಳು ಹೇಳಿದೆ.

ರಿಪೋರ್ಟನ್ನು ಅವರೇ ಬರೆದರು, ತಪ್ಪು ಪೂರ್ತಿ ತಮ್ಮದೇ ಎಂದು. ಕಂಪನಿ ಇಬ್ಬರನ್ನೂ ಹಾರಾಟದಿಂದ ನಿಲ್ಲಿಸಿ ವಿಚಾರಣೆ ಇಟ್ಟಿತು. ಸಾರ್ ಮತ್ತೆ ಕ್ಯಾಪ್ಟನ್ ಸೀಟಿನಲ್ಲಿ ಕೂರುತ್ತಾರೋ ಇಲ್ಲವೋ ಎಂಬುದೇ ಆಗ ಎಲ್ಲರ ಬಾಯಲ್ಲಿ. ನನ್ನ ಬ್ಯಾಚ್‌ಮೇಟ್ ಲಿಖಿತ್ ಬುದ್ಧಿ ಹೇಳಿದ: "ಮಗಾ, ನೋಡಿದ್ ತಕ್ಷಣ ಹೇಳ್ದೆ ಅನ್ನು, ಮುಗೀತು. ಅವ್ರು ಹೆಂಗೂ ಸಿಕ್ಕಾಕೊಂಡಿದಾರೆ, ನೀನ್ಯಾಕೆ ಹೋಗಿ ಬೀಳ್ತೀಯ?"

ಎರಡು ದಿನ ಊಟ ಸೇರಲಿಲ್ಲ. ಅಜ್ಜಿಗೆ ಎಲ್ಲ ಹೇಳಿದೆ. "ಜನ ಮನೇಲಿ ಇಲಿ, ಬೀದೀಲಿ ಹುಲಿ ಅಂತಾರೆ. ನೀನು ಮನೆ ಬೀದಿ ಎಲ್ಲಾ ಕಡೆ ಹುಲಿ, ಹುಲಿ ಆಗ್ಬೇಕಾದ್ ಕಡೆ ಮಾತ್ರ ಇಲಿ" ಎಂದರು. "ಹೋಗು, ಆ ಯಪ್ಪನ್ ಮುಂದೆ ಒಪ್ಕೊಂಡು ಬಾ."

ಬೆನ್ಸನ್ ಟೌನಿನ ಅವರ ಮನೆಗೆ ಹೋದೆ. ಮುಖ ಬಾಡಿಸಿಕೊಂಡು ಕೂತಿರುತ್ತಾರೆ ಎಂದುಕೊಂಡಿದ್ದೆ. ಅವರೋ, ಬನಿಯನ್-ಲುಂಗಿಯಲ್ಲಿ ವರಾಂಡದಲ್ಲಿ ಕೂತು ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. "ಬಾ ಬಾ, ಹತ್ತು ವರ್ಷದಿಂದ ರಿಪೇರಿ ಮಾಡಿಕೊಡಿ ಅಂತಿದ್ಲು, ಈಗ ಟೈಮ್ ಸಿಕ್ತು" ಎಂದರು. ಅವರ ಹೆಂಡತಿ ಶಿರೀನ್ ಚಹಾ ತಂದರು, "ಇವರು ಮನೇಲಿರೋದು ನನಗಂತೂ ಖುಷಿನಮ್ಮ, ಆದ್ರೆ ಇನ್ನೊಂದು ವಾರ ಇದ್ರೆ ಫ್ರಿಜ್ಜೂ ಬಿಚ್ಚಿಹಾಕ್ತಾರೆ" ಎಂದು ನಕ್ಕರು.

ನಾನು ಲೋಟ ಕೆಳಗಿಟ್ಟೆ. "ಸಾರ್, ಅವತ್ತು ಸುಳ್ಳು ಹೇಳ್ದೆ. ನನಗೆ ಮುಕ್ಕಾಲು ನಿಮಿಷ ಮೊದಲೇ ಗೊತ್ತಿತ್ತು."

"ಯಾಕೆ ಹೇಳಿಲ್ಲ?"

"ನೀವು ಈ ಊರೋರು. ದೊಡ್ಡೋರು."

ಆ ಮನುಷ್ಯನಿಗೆ ಕೋಪ ಬಂದದ್ದನ್ನು ಮೊದಲ ಸಲ ನೋಡಿದೆ. "ಆ ರನ್‌ವೇಲಿ ಈಗ್ಲೂ ಮಿಲಿಟರಿಯವರು ಹಾರ್ತಾರೆ, ಅವರ ವಿಮಾನ ಇದ್ದಿದ್ರೆ? ಹಿಂದೆ ಕೂತಿದ್ದ ನೂರೈವತ್ತು ಜನಕ್ಕೆ ಏನ್ ಹೇಳ್ತಿದ್ದೆ, ಸಾರ್ ದೊಡ್ಡೋರು ಅಂತಾನಾ?" ಎಂದು ಗದರಿದರು. ಆಮೇಲೆ ಮತ್ತೆ ಮಷೀನಿಗೆ ಎಣ್ಣೆ ಬಿಡುತ್ತಾ ದನಿ ಇಳಿಸಿದರು. "ಈ ಊರೋನು ಅಂತಾನೇ ತಪ್ಪಾಯ್ತು ಬೇಟಾ. ಬೇರೆ ಊರೋನಾಗಿದ್ರೆ ಪರದೆ ನೋಡ್ತಿದ್ದ. ನಾನು ಅಬ್ಬಾ ಸ್ಕೂಟರಲ್ಲಿ ಕರ್ಕೊಂಡ್ ಹೋಗಿ ತೋರಿಸಿದ ಜಾಗ ನೋಡ್ದೆ."

ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿದೆ. ನನಗೆ ಮೂರು ತಿಂಗಳು ಮತ್ತೆ ತರಬೇತಿ. ಸಾರ್‌ಗೆ ಆರು ತಿಂಗಳು ಹಾರಾಟವಿಲ್ಲ, ನೆಲದ ಮೇಲಿನ ನಕಲಿ ಕಾಕ್‌ಪಿಟ್ಟಾದ ಸಿಮ್ಯುಲೇಟರಿನಲ್ಲಿ ಹೊಸಬರಿಗೆ ಪಾಠ ಮಾಡಬೇಕು, ಆಮೇಲೆ ಒಂದು ಪರೀಕ್ಷೆಯ ಹಾರಾಟ. ಅದರಲ್ಲಿ ಪಾಸಾದರೆ ಕ್ಯಾಪ್ಟನ್ ಸೀಟು, ಇಲ್ಲದಿದ್ದರೆ ಇಲ್ಲ.

ಪಾಠ ಅಂದರೆ ಎಂಥ ಪಾಠ! ನನ್ನ ತರಬೇತಿಯೂ ಅವರ ಕೈಗೇ ಬಿತ್ತು. ಬೇಕೆಂದೇ ತಪ್ಪು ರನ್‌ವೇಗೆ ತಿರುಗಿಸಿ, ಏನೂ ಅರಿಯದವರಂತೆ ಹಾಡು ಗುನುಗುತ್ತಾ ಕೂರುತ್ತಿದ್ದರು. ನಾವು 'ಸಾರ್, ಒಂದ್ ನಿಮಿಷ ಸಾರ್' ಎಂದು ತಡವರಿಸಿದರೆ ಮೊದಲಿನಿಂದ ಶುರು. "ಸಾರ್ ಅನ್ನೋಷ್ಟರಲ್ಲಿ ಅರ್ಧ ಧೈರ್ಯ ಹೋಗುತ್ತೆ. ಮೊದಲು 'ತಪ್ಪು' ಅನ್ನಿ. ಮರ್ಯಾದೆ ಇಳಿದ ಮೇಲೆ ಕೊಡಿ" ಎನ್ನುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಪರದೆಯ ಗುರುತಿನ ಜೊತೆ ಇಬ್ಬರೂ ತಾಳೆ ನೋಡಿ ಹೇಳುವ ತನಕ 'ಕಾಣ್ತಿದೆ' ಎಂಬ ಮಾತು ರೇಡಿಯೋದಲ್ಲಿ ಆಡುವಂತಿಲ್ಲ. ಇಳಿಯುವ ಮೊದಲು ಕ್ಯಾಪ್ಟನ್ ತಾನು ಎಲ್ಲಿ ಎಡವಬಹುದು ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಈ ಕೊನೆಯ ನಿಯಮವನ್ನು ಅವರು ಹೊಸದಾಗಿ ಸೇರಿಸಿದ್ದು.

ಪರೀಕ್ಷೆಯ ಹಾರಾಟಕ್ಕೆ ಜೊತೆಗಾತಿಯಾಗಿ ನನ್ನ ಹೆಸರನ್ನೇ ಕೇಳಿ ಪಡೆದರು. ಮತ್ತೆ ಚೆನ್ನೈ ದಾರಿ. ಹಿಂದಿನ ಸೀಟಿನಲ್ಲಿ ಪರೀಕ್ಷಕರು, ಪುಣೆಯ ಒಬ್ಬ ಹಿರಿಯ ಕ್ಯಾಪ್ಟನ್, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದರು. ಇಳಿಯುವ ಮೊದಲು ಸಾರ್ ಹೇಳಿದರು: "ನಾನು ಈ ಊರೋನು. ಹಳೇ ರನ್‌ವೇ ನನ್ನ ಕಣ್ಣಿಗೆ ಮೊದಲು ಬೀಳುತ್ತೆ. ನನ್ನ ಕಣ್ಣನ್ನ ನಂಬಬೇಡ."

ದೇವನಹಳ್ಳಿಯಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ. ನಮಗೆ ಬಲಗಡೆಯದು ಎಂದು ಕಂಟ್ರೋಲ್‌ನವರು ಹೇಳಿದರು. ಸಾರ್ ಕಂಪ್ಯೂಟರಿನಲ್ಲಿ ಎಡಗಡೆಯದನ್ನು ಒತ್ತಿದರು.

ಪರೀಕ್ಷಕರ ಪೆನ್ನು ನಿಂತದ್ದು ನನ್ನ ಓರೆಗಣ್ಣಿಗೆ ಬಿತ್ತು. ನಾನು ಬಾಯಿ ತೆರೆದರೆ ಈ ಮನುಷ್ಯನ ತಪ್ಪು ಕಾಗದಕ್ಕೆ ಹೋಗುತ್ತದೆ, ಸೀಟು ಹೋಗುತ್ತದೆ.

"ತಪ್ಪು! ನಮ್ಮದು ಬಲಗಡೆಯದು" ಎಂದೆ.

"ಸರಿ, ಬಲಗಡೆಯದು" ಎಂದು ಸಾರ್ ಅಳಿಸಿ ಸರಿಯಾಗಿ ಒತ್ತಿದರು. ಚಕ್ರಗಳು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ನಾನು ಮಾತ್ರ ಒಳಗೊಳಗೇ ಸತ್ತುಹೋಗಿದ್ದೆ. ಒಂದು ಸಲ ಸುಮ್ಮನಿದ್ದು ಕೆಡಿಸಿದೆ, ಇನ್ನೊಂದು ಸಲ ಮಾತಾಡಿ ಮುಗಿಸಿದೆ ಎಂದುಕೊಂಡೆ.

ವಿಮಾನ ನಿಂತ ಮೇಲೆ ಪರೀಕ್ಷಕರು ಕಾಗದವನ್ನು ಮುಂದಕ್ಕೆ ಚಾಚಿದರು. ಪಾಸು. "ತಪ್ಪು ಬರ್ಕೊಂಡಿದೀನಿ. ಎಷ್ಟು ಹೊತ್ತಲ್ಲಿ ಸರಿಹೋಯ್ತು ಅಂತಾನೂ ಬರ್ದಿದೀನಿ, ಎರಡು ಸೆಕೆಂಡು" ಎಂದು ಹಿಂದಿಯಲ್ಲಿ ಹೇಳಿ, ಸಾರ್ ಕೈ ಕುಲುಕಿ ಇಳಿದುಹೋದರು.

ನನಗೆ ಆಗ ಹೊಳೆಯಿತು. ಸಿಮ್ಯುಲೇಟರಿನ ಆಟವನ್ನೇ ಇಲ್ಲೂ ಆಡಿದರಾ ಈ ಮಹಾನುಭಾವ? "ಬೇಕಂತಲೇ ಎಡಗಡೆದು ಒತ್ತಿದ್ರಾ ಸಾರ್, ಪರೀಕ್ಷಕರಿಗೆ ತೋರಿಸೋಕೆ?" ಎಂದು ಕೇಳಿದೆ.

ಅವರು ಬೆಲ್ಟು ಬಿಚ್ಚುತ್ತಿದ್ದವರು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಇಲ್ಲ ಬೇಟಾ. ಖುದಾ ಕಸಮ್, ನಿಜವಾಗ್ಲೂ ತಪ್ಪಾಯ್ತು. ಕೈ ನಡುಗ್ತಾ ಇತ್ತು" ಎಂದು ಕೈ ಚಾಚಿ ತೋರಿಸಿದರು. ಆಗಲೂ ನಡುಗುತ್ತಿತ್ತು. ನಾನು ಆ ಕೈಯನ್ನು ಹಿಡಿದುಕೊಂಡು, ನಾಚಿಕೆ ಬಿಟ್ಟು, ಗೊಳೋ ಎಂದು ಅತ್ತುಬಿಟ್ಟೆ.