ಎರಡೂ ಕೈಯ ಅಳತೆ

ಖಾಲಾಳ ತುಟಿಯ ತುದಿಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು ಸಿಕ್ಕಿಕೊಂಡಿರುತ್ತಿದ್ದವು. ಬೈಯುವುದು, ನಗುವುದು, ಎದುರಿನ ಹೋಟೆಲಿಗೆ ಚಹಾ ಹೇಳುವುದು, ಎಲ್ಲವೂ ಆ ಪಿನ್ನುಗಳ ಪಕ್ಕದಿಂದಲೇ. ದೇವದುರ್ಗದ ನಮ್ಮ ಓಣಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದ ಅವಳು ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ನನಗೂ ಖಾಲಾ. ಹೇಳಿದ ದಿನಕ್ಕೆ ಬ್ಲೌಸು ಕೊಟ್ಟವಳಲ್ಲ. "ಜುಮ್ಮಾಕ್ಕ ಬರ್ರಿ ಟೀಚರ್" ಅನ್ನುವಳು. ಯಾವ ಶುಕ್ರವಾರ ಎಂಬುದನ್ನು ನಾವೇ ತಿಳಿದುಕೊಳ್ಳಬೇಕು.

ಅಳತೆಯ ವಿಷಯದಲ್ಲಿ ಮಾತ್ರ ಅವಳದು ಹಟ. ಯಾರ ಅಳತೆಯನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಹೋದ ತಿಂಗಳು ಬಂದವಳನ್ನೂ ಮತ್ತೆ ನಿಲ್ಲಿಸಿ ಟೇಪು ಹಿಡಿಯುವಳು, ಅದೂ ಎರಡೂ ತೋಳಿಗೆ. ಒಂದು ಸಾಲದೇನು ಎಂದು ನಾನು ಗೊಣಗಿದರೆ ನಗುವಳು.

"ಯಾರ ಎರಡೂ ಕೈ ಒಂದ ಇರಂಗಿಲ್ರೀ. ನಿಮ್ಮ ಬಲಗೈ ಅರ್ಧ ಇಂಚ್ ಜಾಸ್ತಿ ಅದ. ಬೋರ್ಡಿನ ಮ್ಯಾಲ ಬರದು ಬರದು ಹಂಗಾಗ್ಯದ."

ನನ್ನ ಎಡ ಎದೆಯಲ್ಲಿ ಕ್ಯಾನ್ಸರ್ ಗಂಟು ಕಂಡಿತು. ರಾಯಚೂರಿನಲ್ಲಿ ಆ ಎದೆಯನ್ನೂ ಕಂಕುಳೊಳಗಿನ ಗಂಟುಗಳನ್ನೂ ತೆಗೆಯುವುದೆಂದಾಯಿತು. ಆಪರೇಷನ್ನಿನ ಹಿಂದಿನ ದಿನ ಖಾಲಾ ಮುಂದೆ ಬಿಚ್ಚುವಂಥ ಸಡಿಲ ಬ್ಲೌಸೊಂದನ್ನು ತಂದಳು. ಗಾಯದ ನೀರು ಇಳಿಯುವ ಡಬ್ಬಿ ಇಟ್ಟುಕೊಳ್ಳಲು ಒಳಗೊಂದು ಜೇಬು. ಹಿಂದೆ ಇದೇ ರೋಗವಾಗಿದ್ದ ಮಾನ್ವಿಯಲ್ಲಿನ ತನ್ನ ತಂಗಿಗೂ ಹೀಗೇ ಹೊಲಿದಿದ್ದಳಂತೆ. ಜನ್ಮದಲ್ಲಿ ಅವಳು ಹೇಳಿದ ದಿನಕ್ಕೆ ಕೊಟ್ಟದ್ದು ಅದೊಂದೇ.

ಗಾಯ ಒಣಗಿ ಮೊದಲ ಕೀಮೋ ಆಗಿ ಹತ್ತನೆಯ ದಿನ. ನಮ್ಮನೆಯವರು ಸಿರವಾರಕ್ಕೆ ಹೋಗಿದ್ದರು. ಬೆಳಿಗ್ಗೆಯಿಂದಲೇ ಮೈ ಸಣ್ಣಗೆ ನಡುಗುತ್ತಿತ್ತು. ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ, ಈಗ ನಂಜೇರಿದರೆ ತಡೆಯುವ ಶಕ್ತಿ ನಿಮ್ಮ ರಕ್ತಕ್ಕಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ನಾನು ಥರ್ಮಾಮೀಟರ್ ಮುಟ್ಟಲಿಲ್ಲ. ನೋಡಿದರೆ ಮತ್ತೆ ಆಸ್ಪತ್ರೆ. ಮಕ್ಕಳಿಗೆ ಧೈರ್ಯದ ಪಾಠ ಹೇಳುವ ನನಗೆ ಅಷ್ಟು ಹೆದರಿಕೆ.

ಮಧ್ಯಾಹ್ನ ಖಾಲಾ ಇನ್ನೊಂದು ಬ್ಲೌಸಿಗೆ ಅಳತೆ ತೆಗೆಯಲು ಮನೆಗೇ ಬಂದಳು. ಚಪ್ಪಟೆಯಾದ ಎದೆಯ ಮೇಲೆ ಟೇಪು ಹಾಯಿಸುವಾಗ ಅವಳ ಕೈ ಒಂದಿಷ್ಟೂ ಅಳುಕಲಿಲ್ಲ. ಅದಕ್ಕಾಗಿ ಮನಸ್ಸಿನಲ್ಲೇ ಕೈಮುಗಿದೆ. ಬಲತೋಳು ಅಳೆದಳು. ಎಡತೋಳು ಅಳೆದಳು. ಮತ್ತೆ ಬಲ, ಮತ್ತೆ ಎಡ.

"ಎರಡೂ ಒಂದ ಬರಾಕತ್ತಾವ" ಎಂದಳು.

"ಛಲೋ ಆತಲ್ಲ ಖಾಲಾ, ಸಮ ಅದಾವ" ಅಂದೆ.

ಅವಳು ಪಿನ್ನುಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಪಿನ್ನಿಲ್ಲದ ಅವಳ ಬಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

"ಸಮ ಇರಬಾರದು ಬೇಟಿ. ಎಡಗೈ ಊದ್ಯದ. ಬಿಸಿನೂ ಆಗ್ಯದ. ಏಳು, ರಾಯಚೂರಿಗೆ ಹೋಗಮು."

"ಅವರು ಬರ್ಲಿ ಖಾಲಾ..."

"ನನ್ನ ತಂಗಿನೂ ಗಂಡ ಬರ್ಲಿ ಅಂತ ಕುಂತಳು. ಕುಂತಲ್ಲೇ ಹ್ವಾದಳು. ಏಳಂದ್ರ ಏಳು!"

ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಗಬ್ಬೂರು ದಾಟಿದ ಮೇಲೆ ಇನ್ನೊಮ್ಮೆ ಟೇಪು ಸುತ್ತಿದಳು. ಎಷ್ಟು ಎಂದು ಕೇಳಿದೆ. "ಅಷ್ಟ ಅದ" ಎಂದು ಕಿಟಕಿಯ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ಅವಳು ಡಾಕ್ಟರಿಗೆ ಹೇಳುವಾಗ ನನಗೆ ಗೊತ್ತಾಯಿತು, ದಾರಿಯಲ್ಲೇ ಕಾಲು ಇಂಚು ಏರಿತ್ತು. ಅಳತೆಯಲ್ಲಿ ಅವಳು ಹೇಳಿದ ಸುಳ್ಳು ಅದೊಂದೇ ಇರಬೇಕು.

ಜ್ವರ ನೂರಾ ಮೂರು. ಕೈಯಲ್ಲಿ ಶುರುವಾದ ನಂಜು ರಕ್ತಕ್ಕೆ ಸೇರತೊಡಗಿತ್ತು. ಏಳು ದಿನ ಸಲೈನು, ಇಂಜೆಕ್ಷನ್ನು. ಮೊದಲ ಮೂರು ದಿನ ಏನೂ ಹೇಳಲಾಗದು ಎಂದರು. ಆ ಮೂರೂ ದಿನ ಅವಳು ಅಂಗಡಿಯ ಬಾಗಿಲು ತೆಗೆಯಲಿಲ್ಲ, ಅದೂ ಮದುವೆಯ ಸುಗ್ಗಿಯಲ್ಲಿ. ನಾನು ಉಳಿದೆ.

ಖಾಲಾ ಉಳಿಯಲಿಲ್ಲ. ಹೋದ ವರ್ಷ ರಂಜಾನ್ ಹೊಲಿಗೆಯ ಗದ್ದಲದಲ್ಲಿ ಮಷೀನಿನ ಮುಂದೆಯೇ ಎದೆನೋವು ಬಂದು ಹೋಗಿಬಿಟ್ಟಳು. ಅರ್ಧ ಹೊಲಿದ ನನ್ನ ಬ್ಲೌಸು ಅಲ್ಲೇ ಇತ್ತು. ಅದರ ಜೊತೆಗೆ ಅವಳ ಮಗಳು ಟೇಪನ್ನೂ ನನ್ನ ಕೈಗಿಟ್ಟಳು. ಬ್ಲೌಸನ್ನು ಮುಗಿಸಲು ಬೇರೆಯವರಿಗೆ ಕೊಡುವ ಮನಸ್ಸಾಗಿಲ್ಲ, ಹಾಗೇ ಇದೆ.

ಪ್ರತಿ ಶುಕ್ರವಾರ ಸ್ಕೂಲಿಗೆ ಹೊರಡುವ ಮೊದಲು ಆ ಟೇಪನ್ನು ಎರಡೂ ತೋಳಿಗೆ ಸುತ್ತಿ ನೋಡುತ್ತೇನೆ. ಬಲಗೈ ಅರ್ಧ ಇಂಚು ಹೆಚ್ಚು ಬಂದ ಮೇಲೆಯೇ ಮನೆಯ ಬಾಗಿಲು ಹಾಕಿಕೊಂಡು ಹೊರಡುವುದು.